ಚಳಿಗಾಲದ ಹಿತ್ತಲಿಗೆ ಹಕ್ಕಿಗಳು ಬರಬೇಕೆ? ಕಾಳಿಗಿಂತ ಮೊದಲು ನೀರಿಡಿ

ದೀಪಾವಳಿ ಕಳೆದು ಬೆಳಗಿನ ಇಬ್ಬನಿ ಬೀಳತೊಡಗಿತೆಂದರೆ ಓದುಗರಿಂದ ನನಗೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಚಳಿಗಾಲದಲ್ಲಿ ಹಕ್ಕಿಗಳಿಗೆ ಏನು ಹಾಕಬೇಕು? ನವಣೆ ತಂದು ಹಾಕಿದೆವು, ಪಾರಿವಾಳ ಬಿಟ್ಟರೆ ಬೇರೇನೂ ಬರಲಿಲ್ಲ, ಏಕೆ? ದುಡ್ಡು ಕೊಟ್ಟು ತಂದ ಪ್ಲಾಸ್ಟಿಕ್ ಫೀಡರ್ ಮೂರು ತಿಂಗಳಿನಿಂದ ಹಾಗೆಯೇ ನೇತಾಡುತ್ತಿದೆ, ಎಲ್ಲಿ ತಪ್ಪಾಯಿತು? ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಕ್ರಮವಾಗಿ ಬರೆದಿದ್ದೇನೆ. ಹಿತ್ತಲಿದ್ದವರಿಗೂ, ನಾಲ್ಕು ಕುಂಡ ಇಡುವಷ್ಟು ಬಾಲ್ಕನಿ ಇದ್ದವರಿಗೂ ಇದು ಉಪಯೋಗವಾದೀತು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ಹಕ್ಕಿಗೆ ಕಾಳು ಹಾಕಿ ಎಂಬ ಸಲಹೆ ಹುಟ್ಟಿದ್ದು ಹಿಮ ಬೀಳುವ ನಾಡುಗಳಲ್ಲಿ. ಅಲ್ಲಿ ನೆಲ ಹಿಮದಡಿ ಮುಚ್ಚಿಹೋಗುತ್ತದೆ, ನೀರು ಹೆಪ್ಪುಗಟ್ಟುತ್ತದೆ, ಹಗಲು ತೀರಾ ಚಿಕ್ಕದಾಗುತ್ತದೆ. ಪುಟ್ಟ ಹಕ್ಕಿಯೊಂದು ರಾತ್ರಿ ಕಳೆಯುವಷ್ಟರಲ್ಲಿ ಹಗಲು ಕೂಡಿಸಿಕೊಂಡ ಕೊಬ್ಬನ್ನು ಬಹುಪಾಲು ಕರಗಿಸಿರುತ್ತದೆ. ನಮ್ಮ ಕರ್ನಾಟಕದ ಚಳಿಗಾಲ ಹಾಗಿಲ್ಲ. ನವೆಂಬರಿನಿಂದ ಜನವರಿವರೆಗೆ ಇಲ್ಲಿ ರಾಗಿ, ಭತ್ತಗಳ ಕೊಯ್ಲು ಮತ್ತು ಒಕ್ಕಣೆ. ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ಕಟ್ಟುವ ಕಾಲ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವುದೂ ಈ ದಿನಗಳಲ್ಲೇ. ಕಾಳು ತಿನ್ನುವ ಹಕ್ಕಿಗೆ ವರ್ಷದ ಸುಗ್ಗಿ ಇದು. ಮನೆಗಳು ಒತ್ತೊತ್ತಾಗಿರುವ ನಮ್ಮ ಊರುಗಳಲ್ಲಿ ಹಕ್ಕಿಗಳಿಗೆ ಕೊರತೆ ಬೀಳುವುದು ಶುದ್ಧ ನೀರಿಗೆ, ಹುಳುಹುಪ್ಪಟೆಗೆ, ಅಡಗಿ ಕೂರುವ ಮರೆಗೆ. ಆದ್ದರಿಂದಲೇ ಕಾಳಿನ ವಿಷಯವನ್ನು ಐದನೆಯ ಹಂತಕ್ಕೆ ತಳ್ಳಿದ್ದೇನೆ.

ಬೇಕಾಗುವ ವಸ್ತುಗಳು: ಅಗಲವಾದ ಎರಡು ಮಣ್ಣಿನ ತಟ್ಟೆ, ಒಂದೆರಡು ಚಪ್ಪಟೆ ಕಲ್ಲು, ಉಜ್ಜಲು ತೆಂಗಿನ ನಾರು, ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್. ದುರ್ಬೀನು ಇದ್ದರೆ ಒಳ್ಳೆಯದು. ಮೊದಲ ವರ್ಷ ಇಲ್ಲದೆಯೂ ನಡೆಯುತ್ತದೆ. ಫೀಡರ್ ಕೊಳ್ಳುವ ಅಗತ್ಯವಿಲ್ಲ.

1. ಬರುವವರು ಯಾರೆಂದು ತಿಳಿದುಕೊಳ್ಳಿ

ವಲಸೆ ಹಕ್ಕಿ ಎಂದೊಡನೆ ಬಹಳ ಜನರಿಗೆ ನೆನಪಾಗುವುದು ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳಂಥ ದೊಡ್ಡ ನೀರುಹಕ್ಕಿಗಳು. ಆದರೆ ಹಿಮಾಲಯದಿಂದ, ಅದರಾಚೆಯ ಮಧ್ಯ ಏಷ್ಯಾದಿಂದ ಹಾರಿಬಂದ ಹಕ್ಕಿ ನಿಮ್ಮ ಮನೆಯ ನುಗ್ಗೆಮರದಲ್ಲೇ ಈಗ ಕುಳಿತಿರಬಹುದು. ಅದು ಚಿಕ್ಕದು, ಮಂಕುಬಣ್ಣದ್ದು ಎಂಬ ಕಾರಣಕ್ಕೆ ನಮ್ಮ ಗಮನಕ್ಕೆ ಬಂದಿರುವುದಿಲ್ಲ.

ವರ್ಷವಿಡೀ ಇರುವ ನಿವಾಸಿಗಳನ್ನು ನೀವು ಬಲ್ಲಿರಿ: ಕಾಗೆ, ಗೊರವಂಕ, ಗುಬ್ಬಚ್ಚಿ, ಪಿಕಳಾರ, ಮಡಿವಾಳ ಹಕ್ಕಿ, ಟುವ್ವಿ, ಸೂರಕ್ಕಿ, ಚುಕ್ಕೆ ಬೆಳವ, ಕೆಂಬೂತ, ಗುಂಪುಗೂಡಿ ಗದ್ದಲವೆಬ್ಬಿಸುವ ಹರಟೆಮಲ್ಲ. ಚಳಿಗಾಲದ ಅತಿಥಿಗಳಲ್ಲಿ ಮೊದಲು ಪರಿಚಯ ಮಾಡಿಕೊಳ್ಳಬೇಕಾದದ್ದು ಗ್ರೀನಿಷ್ ವಾರ್ಬ್ಲರ್ ಎಂಬ ಉಲಿಯಕ್ಕಿಯನ್ನು. ಗುಬ್ಬಚ್ಚಿಗಿಂತ ಚಿಕ್ಕದು, 10 ಗ್ರಾಂ ಕೂಡ ತೂಗುವುದಿಲ್ಲ. ಬೆನ್ನು ಎಲೆಹಸಿರು, ಹೊಟ್ಟೆ ಮಾಸಲು ಬಿಳಿ, ಕಣ್ಣಿನ ಮೇಲೆ ಹುಬ್ಬಿನಂಥ ತಿಳಿಗೆರೆ, ರೆಕ್ಕೆಯ ಮೇಲೆ ಸಣ್ಣದೊಂದು ಬಿಳಿಪಟ್ಟಿ. ಎಲೆಗಳ ನಡುವೆ ಒಂದು ಕ್ಷಣವೂ ಸುಮ್ಮನಿರದೆ ಹುಳು ಹೆಕ್ಕುತ್ತಿರುತ್ತದೆ. ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ: ‘ಚಿಸ್ವೀ, ಚಿಸ್ವೀ’ ಎಂದು ಚುರುಕಾಗಿ ಎರಡು ತುಂಡಾಗಿ ಕೇಳುವ ಕೂಗು. ಒಮ್ಮೆ ಈ ಕೂಗನ್ನು ಗುರುತಿಸಿಕೊಂಡರೆ ಬಸ್ ನಿಲ್ದಾಣದ ಮರದಲ್ಲೂ, ಶಾಲೆಯ ಅಂಗಳದಲ್ಲೂ ಅದೇ ಕೇಳತೊಡಗುತ್ತದೆ.

ಒದ್ದೆ ನೆಲದಲ್ಲಿ, ನೀರು ಹರಿಯುವ ಕಡೆ ಬೂದು ಸಿಪಿಲೆ ಕಾಣುತ್ತದೆ. ಬೆನ್ನು ಬೂದಿ, ಬಾಲದಡಿ ಹಳದಿ. ನಿಂತಲ್ಲೇ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ಕೆಳಗಿನ ಬೋಳು ಕೊಂಬೆಯಿಂದ ಚಿಮ್ಮಿ ನೊಣ ಹಿಡಿದು ಮತ್ತೆ ಅದೇ ಕೊಂಬೆಗೆ ಮರಳಿ ಕೂರುವುದು ಕಂದು ನೊಣಹಿಡುಕ. ಕೆಂಪುಕಣ್ಣಿನ ಬೂದು ಕಾಜಾಣ, ಬೇಲಿಯ ತುದಿಯಲ್ಲಿ ಕುಳಿತು ಕರ್ಕಶವಾಗಿ ಕೂಗುವ ಕಂದು ಕಳಿಂಗ, ಎತ್ತರದ ಮರಗಳಲ್ಲಿ ಹೊನ್ನಕ್ಕಿ, ಅದೃಷ್ಟವಿದ್ದರೆ ಉದ್ದ ಬಾಲದ ರಾಜಹಕ್ಕಿ ಕೂಡ ಬರಬಹುದು. ಅಕ್ಟೋಬರಿನಲ್ಲಿ ಬಣ್ಣಬಣ್ಣದ ನವರಂಗ ದಣಿದು ಮನೆಯಂಗಳಕ್ಕೆ ಇಳಿಯುವುದೂ ಉಂಟು.

ಇವುಗಳ ಕೊಕ್ಕನ್ನು ಗಮನಿಸಿ. ಗುಬ್ಬಚ್ಚಿ, ರಾಟವಾಳಗಳ ಕೊಕ್ಕು ಗಿಡ್ಡ, ದಪ್ಪ. ಕಾಳು ಒಡೆಯಲೆಂದೇ ಇರುವಂಥದ್ದು. ನಾನು ಹೆಸರಿಸಿದ ಚಳಿಗಾಲದ ಅತಿಥಿಗಳು ಮುಖ್ಯವಾಗಿ ಹುಳು ತಿನ್ನುವವು. ಅವುಗಳ ಕೊಕ್ಕಿಗೆ ನವಣೆ ಒಗ್ಗುವುದಿಲ್ಲ. ನೀವು ಎಷ್ಟೇ ಚೆನ್ನಾದ ಕಾಳು ಹಾಕಿದರೂ ಉಲಿಯಕ್ಕಿ ಅದರತ್ತ ತಿರುಗಿಯೂ ನೋಡುವುದಿಲ್ಲ. ಫೀಡರ್ ಹಕ್ಕಿಗಳಿಲ್ಲದೆ ನೇತಾಡುವುದಕ್ಕೆ ಇದು ಒಂದು ಕಾರಣ.

2. ನೀರಿಡಿ

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವಿರಾದರೆ ಇದನ್ನೇ ಮಾಡಿ. ಕಾಳಿಗೆ ಬಾರದ ಉಲಿಯಕ್ಕಿ, ನೊಣಹಿಡುಕ, ರಾಜಹಕ್ಕಿಗಳನ್ನೂ ಹಿತ್ತಲಿಗೆ ಕರೆಯುವ ದಾರಿ ನೀರು.

ಹೂಕುಂಡದ ಅಡಿಗೆ ಇಡುವ ಅಗಲವಾದ ಮಣ್ಣಿನ ತಟ್ಟೆ ಎಲ್ಲಕ್ಕಿಂತ ಉತ್ತಮ. ಅಡ್ಡಳತೆ ಒಂದು ಅಡಿಯಷ್ಟಿರಲಿ. ಆಳ ಎರಡು ಇಂಚು ಮೀರಬಾರದು. ಹೆಚ್ಚಿನವರು ಎಡವುವುದು ಇಲ್ಲಿಯೇ: ಬಕೆಟ್, ಪಾತ್ರೆ, ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನು ಇಟ್ಟು ಹಕ್ಕಿ ಬರುವುದಿಲ್ಲ ಎನ್ನುತ್ತಾರೆ. ಸಣ್ಣ ಹಕ್ಕಿಯ ಕಾಲಿನ ಉದ್ದವೇ ಒಂದು ಇಂಚಿನಷ್ಟು. ತಳ ಕಾಣದ ನೀರಿಗೆ ಅದು ಇಳಿಯುವುದಿಲ್ಲ. ಇಳಿದರೆ ಮುಳುಗುವ ಅಪಾಯವಿದೆ. ಸ್ಟೀಲು, ಪಿಂಗಾಣಿ ತಟ್ಟೆಗಳಲ್ಲಿ ಕಾಲು ಜಾರುತ್ತದೆ. ತಟ್ಟೆಯ ನಡುವೆ ಒಂದು ಚಪ್ಪಟೆ ಕಲ್ಲಿಟ್ಟು, ಕಲ್ಲಿನ ತಲೆ ನೀರಿನಿಂದ ಸ್ವಲ್ಪ ಮೇಲಿರುವಂತೆ ನೀರು ತುಂಬಿ. ಜೇನುನೊಣ, ಚಿಟ್ಟೆಗಳಿಗೂ ಆ ಕಲ್ಲು ಬೇಕಾಗುತ್ತದೆ.

ಒಂದು ತಟ್ಟೆಯನ್ನು ನೆಲದ ಮೇಲೆ, ಇನ್ನೊಂದನ್ನು ಸೊಂಟದೆತ್ತರದ ಕಟ್ಟೆಯ ಮೇಲೆ ಇಡಿ. ಸಿಪಿಲೆ, ಹರಟೆಮಲ್ಲ, ಮಡಿವಾಳಗಳು ನೆಲಕ್ಕಿಳಿಯುತ್ತವೆ; ಪಿಕಳಾರ, ಉಲಿಯಕ್ಕಿಗಳಿಗೆ ಎತ್ತರವಿದ್ದರೆ ಧೈರ್ಯ. ನೆಲದ ತಟ್ಟೆಯ ಸುತ್ತ ಎಂಟು ಹತ್ತು ಅಡಿಯವರೆಗೆ ಬೆಕ್ಕು ಹೊಂಚುಹಾಕುವಂಥ ಪೊದೆ ಇರಬಾರದು. ಆದರೆ ತಲೆಯ ಮೇಲೊಂದು ಕೊಂಬೆ ಇರಲೇಬೇಕು. ಒದ್ದೆಯಾದ ರೆಕ್ಕೆಯಲ್ಲಿ ಹಕ್ಕಿ ದೂರ ಹಾರಲಾರದು. ಬಿಜ್ಜು ಎಂಬ ಬೇಟೆಹಕ್ಕಿ ಎರಗಿ ಬಂದಾಗ ಚಿಮ್ಮಿ ಸೇರಿಕೊಳ್ಳಲು ಅದಕ್ಕೆ ಹತ್ತಿರದಲ್ಲೇ ಒಂದು ಆಸರೆ ಬೇಕು.

ನೀರಿನ ಸದ್ದೂ ಹಕ್ಕಿಯನ್ನು ಕರೆಯುತ್ತದೆ. ಹಳೆಯ ಬಾಟಲಿಯ ತಳಕ್ಕೆ ಸೂಜಿಯಿಂದ ತೂತು ಮಾಡಿ, ನೀರು ತುಂಬಿ, ತಟ್ಟೆಯ ಮೇಲಿನ ಕೊಂಬೆಗೆ ತೂಗುಹಾಕಿ. ಒಂದೆರಡು ಸೆಕೆಂಡಿಗೊಮ್ಮೆ ಒಂದು ಹನಿ ‘ಟಪ್’ ಎಂದು ಬೀಳಬೇಕು. ಮುಚ್ಚಳವನ್ನು ಬಿಗಿ ಮಾಡಿದರೆ ಹನಿ ನಿಧಾನವಾಗುತ್ತದೆ, ಸಡಿಲಿಸಿದರೆ ಚುರುಕಾಗುತ್ತದೆ. ನಮ್ಮ ಮನೆಯ ತಟ್ಟೆಗೆ ಮೂರು ವಾರ ಯಾರೂ ಇಳಿಯದೆ ಇದ್ದು, ಬಾಟಲಿ ಕಟ್ಟಿದ ಮರುದಿನವೇ ಕೆಮ್ಮೀಸೆ ಪಿಕಳಾರ ಬಂದಿತ್ತು.

ಪಿಕಳಾರದ ಸ್ನಾನವನ್ನು ಒಮ್ಮೆ ಕೂತು ನೋಡಿ. ಮೊದಲು ಅಂಚಿನಲ್ಲಿ ಕುಳಿತು ನಾಲ್ಕೂ ಕಡೆ ಕತ್ತು ತಿರುಗಿಸುತ್ತದೆ. ಒಂದು ಗುಟುಕು ಕುಡಿದು ತಲೆ ಮೇಲೆತ್ತುತ್ತದೆ. ಆಮೇಲೆ ಕಲ್ಲಿನ ಮೇಲಿಂದ ನೀರಿಗಿಳಿದು, ಎದೆಯನ್ನು ತಳಕ್ಕೆ ಒತ್ತಿ, ತಲೆಯನ್ನು ಅದ್ದಿ ಝಾಡಿಸಿ, ಎರಡೂ ರೆಕ್ಕೆಗಳಿಂದ ಬೆನ್ನಿನ ಮೇಲೆ ನೀರು ಚಿಮ್ಮಿಸಿಕೊಳ್ಳುತ್ತದೆ. ಮೂರು ನಾಲ್ಕು ಬಾರಿ ಹೀಗೆ ಮಾಡಿ, ತಲೆಯ ಜುಟ್ಟು ಅಂಟಿಕೊಂಡು ಗುರುತೇ ಸಿಗದಂತಾದ ಮೇಲೆ ಮೇಲಿನ ಕೊಂಬೆಗೆ ಹಾರಿ, ಬಾಲದ ಬುಡದಲ್ಲಿರುವ ಎಣ್ಣೆಗ್ರಂಥಿಗೆ ಕೊಕ್ಕು ತಾಗಿಸಿ ಒಂದೊಂದೇ ಗರಿಯನ್ನು ನೀವಿಕೊಳ್ಳುತ್ತದೆ. ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಹಕ್ಕಿಯ ಕಂಬಳಿ. ಧೂಳು ತುಂಬಿದ ಗರಿ ಆ ಗಾಳಿಯನ್ನು ಹಿಡಿದಿಡಲಾರದು. ಅದಕ್ಕೇ ಚಳಿಗಾಲದಲ್ಲೂ ಹಕ್ಕಿಗೆ ಸ್ನಾನ ಬೇಕು.

ಸೂರಕ್ಕಿ, ಬೆಳ್ಗಣ್ಣ, ಟುವ್ವಿಗಳಂಥ ತೀರಾ ಸಣ್ಣವು ತಟ್ಟೆಗಿಂತ ಒದ್ದೆ ಎಲೆಯನ್ನು ಹೆಚ್ಚು ಮೆಚ್ಚುತ್ತವೆ. ಬೆಳಗ್ಗೆ ಬಿಸಿಲು ಏರಿದ ಮೇಲೆ ಬಾಳೆ, ಕಾಬಾಳೆ, ಕೆಸುವಿನಂಥ ಅಗಲ ಎಲೆಗಳ ಮೇಲೆ ನೀರು ಚಿಮುಕಿಸಿ. ಎಲೆಯ ಮೇಲೆ ಜಾರುತ್ತಾ, ಹೊರಳುತ್ತಾ ಅವು ಮೈ ತೊಳೆದುಕೊಳ್ಳುತ್ತವೆ.

ಎಚ್ಚರಿಕೆ: ನೀರನ್ನು ದಿನಕ್ಕೊಮ್ಮೆ ಚೆಲ್ಲಿ ಹೊಸದು ತುಂಬಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರೆ ಮುಗಿಯಲಿಲ್ಲ. ಅದರ ಮೊಟ್ಟೆಗಳು ತಟ್ಟೆಯ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ವಾರಕ್ಕೆ ಎರಡು ಬಾರಿ ತೆಂಗಿನ ನಾರಿನಿಂದ ಅಂಚಿನವರೆಗೂ ಗಸಗಸನೆ ಉಜ್ಜಿ ಬಿಸಿಲಿಗಿಡಿ. ಸೋಪಿನ ಪುಡಿ ಬೇಡ. ಅದರ ಪಸೆ ಗರಿಗಳ ಎಣ್ಣೆಯನ್ನು ತೊಳೆದುಬಿಡುತ್ತದೆ. ಊರಿಗೆ ಹೋಗುವುದಿದ್ದರೆ ತಟ್ಟೆಯನ್ನು ಬೋರಲು ಹಾಕಿ ಹೋಗಿ.

3. ತರಗೆಲೆ ಇರಲಿ, ಔಷಧ ನಿಲ್ಲಿಸಿ

ಡಿಸೆಂಬರ್, ಜನವರಿಯಲ್ಲಿ ಎಲೆ ಉದುರುತ್ತದೆ. ನಾವು ಗುಡಿಸಿ, ಗುಡ್ಡೆ ಮಾಡಿ, ಬೆಂಕಿ ಕೊಡುತ್ತೇವೆ. ಆ ಗುಡ್ಡೆಯೇ ಹಕ್ಕಿಗಳ ಅಡುಗೆಮನೆ. ತರಗೆಲೆಯಡಿ ಎರೆಹುಳು, ಗೆದ್ದಲು, ಜೇಡ, ಸಾವಿರಕಾಲು, ಹುಳುಗಳ ಕೋಶಗಳು ಇರುತ್ತವೆ. ಹರಟೆಮಲ್ಲಗಳು ಒಂದೊಂದೇ ಎಲೆಯನ್ನು ಕೊಕ್ಕಿನಿಂದ ಮಗುಚುತ್ತಾ ಹೋಗುವುದನ್ನು ನೀವೂ ಕಂಡಿರಬಹುದು. ನವರಂಗಕ್ಕೂ ಇಂಥ ಜಾಗವೇ ಬೇಕು. ಅಂಗಳವನ್ನು ಗುಡಿಸಿಕೊಳ್ಳಿ, ಅಡ್ಡಿಯಿಲ್ಲ. ಆದರೆ ಹಿತ್ತಲಿನ ಒಂದು ಮೂಲೆಯಲ್ಲಿ, ಮರದ ಬುಡದಲ್ಲಿ ಅಂಗೈಯಷ್ಟು ದಪ್ಪಕ್ಕೆ ತರಗೆಲೆ ಬಿಡಿ. ಬಾಲ್ಕನಿಯವರು ದೊಡ್ಡ ಕುಂಡವೊಂದರ ಮಣ್ಣಿನ ಮೇಲೆ ಎಲೆ ಹೊದಿಸಿ.

ಕೀಟನಾಶಕ ಸಿಂಪಡಿಸುವ ಹಿತ್ತಲಿಗೆ ಉಲಿಯಕ್ಕಿ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಕರಿಬೇವಿನ ಗಿಡದಲ್ಲಿ ಹುಳು ಕಂಡಿತೆಂದು ಕೂಡಲೇ ಔಷಧ ಹೊಡೆಯಬೇಡಿ; ನಾಲ್ಕು ದಿನ ತಾಳಿ, ಟುವ್ವಿ ಹಕ್ಕಿಗೆ ಅವಕಾಶ ಕೊಡಿ. ಇಲಿಪಾಷಾಣ ಇನ್ನೂ ಅಪಾಯಕಾರಿ. ವಿಷ ತಿಂದು ತೂಗಾಡುವ ಇಲಿಯನ್ನು ಹಿಡಿದು ತಿಂದ ಹಾಲಕ್ಕಿ ಎಂಬ ಪುಟ್ಟ ಗೂಬೆಯೂ, ಕಣಜ ಗೂಬೆಯೂ ಅದೇ ವಿಷಕ್ಕೆ ಬಲಿಯಾಗುತ್ತವೆ. ಇಲಿಗೆ ಬೋನು ಇಡಿ.

4. ಹೂವು, ಹಣ್ಣು

ಸೂರಕ್ಕಿಗೆ ಸಕ್ಕರೆನೀರು ಇಡಬಹುದೇ ಎಂದು ಕೇಳುವವರು ಬಹಳ. ಬೇಡ ಎಂದೇ ನನ್ನ ಉತ್ತರ. ನಮ್ಮ ಹವೆಯಲ್ಲಿ ಸಕ್ಕರೆನೀರು ಬೇಗ ಹುಳಿಯುತ್ತದೆ, ಇರುವೆ ಮುತ್ತುತ್ತದೆ. ಬಣ್ಣ ಬೆರೆಸಿದರಂತೂ ಇನ್ನೂ ಕೆಟ್ಟದ್ದು. ಅದರ ಬದಲು ಒಂದೇ ಸುತ್ತು ಎಸಳಿನ ದಾಸವಾಳ, ಕೇಪಳ, ಬಾಳೆ ನೆಡಿ. ಬಾಳೆಯ ಗೊನೆ ಇಳಿದ ಕೂಡಲೇ ಹೂ ಕಡಿಯದೆ ಸ್ವಲ್ಪ ದಿನ ಬಿಟ್ಟರೆ ಸೂರಕ್ಕಿಗಳು ಅಲ್ಲೇ ಮನೆಮಾಡುತ್ತವೆ. ಮಕರಂದದ ಜೊತೆಗೆ ಅವಕ್ಕೆ ಜೇಡ, ಸಣ್ಣ ಹುಳುಗಳೂ ಬೇಕು. ಅವೂ ಆ ಗಿಡಗಳಲ್ಲೇ ಸಿಗುತ್ತವೆ.

ಜಾಗ ಇದ್ದವರು ಗಸಗಸೆ ಹಣ್ಣಿನ ಮರ ಹಾಕಿ. ಅದು ಅಮೆರಿಕ ಖಂಡದ ಮೂಲದ್ದು. ಆದರೂ ಬೇಗ ಬೆಳೆದು, ವರ್ಷದ ಹೆಚ್ಚುಕಾಲ ಕೆಂಪು ಹಣ್ಣು ಬಿಡುತ್ತದೆ. ಪಿಕಳಾರ, ಕೋಗಿಲೆ, ಕುಟ್ರು, ಬದನಿಕೆ ಹಕ್ಕಿ ಎಲ್ಲವೂ ಬರುತ್ತವೆ. ಬೇಲಿಯಲ್ಲಿ ಹಾಲುವಾಣ ಇದ್ದರೆ ದಯವಿಟ್ಟು ಕಡಿಯಬೇಡಿ. ಜನವರಿಯ ಕೊನೆಗೆ ಎಲೆ ಉದುರಿ ಕೆಂಪಗೆ ಹೂ ಬಿಟ್ಟಾಗ ಗುಲಾಬಿ ಕಬ್ಬಕ್ಕಿಗಳು ಹಿಂಡುಗಟ್ಟಿ ಬಂದು ಮಕರಂದ ಹೀರುವುದನ್ನು ಮನೆಯಿಂದಲೇ ನೋಡಬಹುದು. ಬೂರುಗದ ಮರಕ್ಕೂ ಹಾಗೆಯೇ.

ಮಾವಿನ ಮರದಲ್ಲಿ ಬೆಳೆಯುವ ಬದನಿಕೆಯ ಬಗ್ಗೆ ನನ್ನದೊಂದು ಬಿನ್ನಹವಿದೆ. ಅದು ಮರದ ರಸ ಹೀರುವ ಪರಾವಲಂಬಿ ಗಿಡ, ಹೆಚ್ಚಾದರೆ ಕೊಂಬೆ ಒಣಗುತ್ತದೆ, ತೆಗೆಯಬೇಕು ನಿಜ. ಆದರೆ ಹಳೆಯ ಗಟ್ಟಿ ಮರವಾಗಿದ್ದರೆ ಒಂದು ಗೊಂಚಲನ್ನಾದರೂ ಉಳಿಸಿ. ನಮ್ಮ ಹಕ್ಕಿಗಳಲ್ಲೇ ಅತಿ ಚಿಕ್ಕವುಗಳಲ್ಲಿ ಒಂದಾದ ಬದನಿಕೆ ಹಕ್ಕಿಯ ಬದುಕು ಬಹುಮಟ್ಟಿಗೆ ಅದರ ಹೂ ಹಣ್ಣುಗಳನ್ನೇ ನೆಚ್ಚಿದೆ.

ಹಣ್ಣು ಕೊಡುವುದಾದರೆ ಪಪ್ಪಾಯಿ, ಬಾಳೆ, ಸೀಬೆಯ ಒಂದೆರಡು ಹೋಳು ಬೆಳಗ್ಗೆ ಕಾಂಪೌಂಡಿನ ಮೇಲಿಟ್ಟು, ಸಂಜೆಗೆ ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ರಾತ್ರಿ ಬಿಟ್ಟರೆ ಹೆಗ್ಗಣಕ್ಕೆ ಔತಣ. ಕೋತಿಗಳ ಕಾಟವಿರುವ ಮಲೆನಾಡಿನ ಊರುಗಳಲ್ಲಿ ಹಣ್ಣಿಡಲೇಬೇಡಿ.

5. ಕಾಳು ಹಾಕುವುದಾದರೆ

ಗುಬ್ಬಚ್ಚಿ, ರಾಟವಾಳ, ಬೆಳವಗಳು ನಿಮ್ಮ ಸುತ್ತ ಇದ್ದರೆ ಮಾತ್ರ ಕಾಳು ಹಾಕಿ. ಸುತ್ತಲೂ ಪಾರಿವಾಳಗಳೇ ಇರುವ ಅಪಾರ್ಟ್‌ಮೆಂಟಿನಲ್ಲಿ ಹಾಕಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಕಾಳು ಚೆಲ್ಲಿದಷ್ಟೂ ಪಾರಿವಾಳ ಹೆಚ್ಚುತ್ತವೆ, ಉಳಿದ ಹಕ್ಕಿಗಳನ್ನು ತಳ್ಳಿಹಾಕುತ್ತವೆ. ಅವುಗಳ ಒಣ ಹಿಕ್ಕೆಯ ಧೂಳನ್ನು ದಿನವೂ ಉಸಿರಾಡಿದ ಕೆಲವರಿಗೆ ಶ್ವಾಸಕೋಶದ ಅಲರ್ಜಿಯ ಗಂಭೀರ ಕಾಯಿಲೆ ಬರುತ್ತದೆ.

ಪಾರಿವಾಳದ ಕೈಗೆ ಸಿಗದಂತೆ ಗುಬ್ಬಚ್ಚಿಗೆ ಕಾಳು ಕೊಡುವ ಉಪಾಯ ನಮ್ಮ ಹಿರಿಯರ ಮನೆಗಳಲ್ಲೇ ಇದೆ. ಹೊಸ ಬೆಳೆ ಬಂದಾಗ ಭತ್ತದ ತೆನೆಯ ಗೊಂಚಲನ್ನು ಬಾಗಿಲಿಗೆ, ಸೂರಿಗೆ ಕಟ್ಟುತ್ತಿದ್ದರಲ್ಲ, ಅದೇ. ಭತ್ತ, ನವಣೆ ಅಥವಾ ಸಜ್ಜೆಯ ಹತ್ತು ಹದಿನೈದು ತೆನೆಗಳನ್ನು ಕಾಂಡಸಹಿತ ಕಟ್ಟಿ ತಲೆಕೆಳಗಾಗಿ ತೂಗುಬಿಡಿ. ಗುಬ್ಬಚ್ಚಿ, ರಾಟವಾಳಗಳು ತೆನೆಗೆ ಜೋತುಬಿದ್ದು ಕಾಳು ಬಿಡಿಸಿಕೊಳ್ಳುತ್ತವೆ. ಪಾರಿವಾಳದ ಭಾರಕ್ಕೆ ತೂಗುವ ತೆನೆ ಆಸರೆ ಕೊಡುವುದಿಲ್ಲ. ಹಿತ್ತಲಿನ ಒಂದು ಕಡೆ ಹುಲ್ಲು ಕೊಯ್ಯದೆ ಬೀಜ ಕಟ್ಟಲು ಬಿಟ್ಟರೆ ರಾಟವಾಳಗಳಿಗೆ ಅದೂ ಸಾಕು.

ತಟ್ಟೆಯಲ್ಲಿ ಹಾಕುವುದಾದರೆ ಬೆಳಗ್ಗೆ ಒಂದು ಹಿಡಿ, ಅಷ್ಟೇ. ಒಂದೆರಡು ಗಂಟೆಯಲ್ಲಿ ಖಾಲಿಯಾಗದಿದ್ದರೆ ಮರುದಿನ ಕಡಿಮೆ ಮಾಡಿ. ನೆನೆದ, ಬೂಷ್ಟು ಹಿಡಿದ ಕಾಳನ್ನು ಎಸೆದುಬಿಡಿ. ಅದರಲ್ಲೂ ಬೂಷ್ಟು ಬಂದ ಕಡಲೆಕಾಯಿಯಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ಎಂಬ ವಿಷ ಹಕ್ಕಿಗಳ ಯಕೃತ್ತನ್ನೇ ಹಾಳುಮಾಡುತ್ತದೆ. ಬ್ರೆಡ್, ಬಿಸ್ಕತ್ತು, ಖಾರ ಮಿಕ್ಸ್ಚರ್, ಒಗ್ಗರಣೆ ಅನ್ನ, ಹಾಲು, ಚಾಕೊಲೇಟ್ ಯಾವುದೂ ಬೇಡ. ಉಪ್ಪು ಮತ್ತು ಕರಿದ ಎಣ್ಣೆ ಪುಟ್ಟ ದೇಹಕ್ಕೆ ತಡೆಯದು. ಬ್ರೆಡ್ಡಿನಿಂದ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ.

ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತ, ಕಣ್ಣಿನ ಸುತ್ತ ಗಂಟು ಎದ್ದ ಹಕ್ಕಿ ಕಂಡರೆ ಎರಡು ವಾರ ಕಾಳು ನಿಲ್ಲಿಸಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ತಟ್ಟೆಗಳನ್ನು ತೊಳೆದು, ಚೆನ್ನಾಗಿ ಜಾಲಿಸಿ ಒಣಗಿಸಿ. ಒಂದೇ ಕಡೆ ಹಲವು ಹಕ್ಕಿ ಸೇರಿದಾಗ ರೋಗ ಹರಡುವುದು ಹೀಗೆಯೇ. ಹಕ್ಕಿಗಳು ಹಲವಾರು ಒಟ್ಟಿಗೆ ಸತ್ತುಬಿದ್ದಿದ್ದರೆ ಮುಟ್ಟದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.

ಅಮೆರಿಕ, ಕೆನಡಾಗಳಿಂದ ಬರೆಯುವ ಕನ್ನಡಿಗರಿಗೆ ಮಾತ್ರ ನನ್ನ ಸಲಹೆ ಬೇರೆ. ನಿಮ್ಮಲ್ಲಿ ಹಿಮ ಬೀಳುವುದಾದರೆ ಫೀಡರ್ ನಿಜಕ್ಕೂ ನೆರವಾಗುತ್ತದೆ. ಕಪ್ಪು ಸೂರ್ಯಕಾಂತಿ ಬೀಜ, ಉಪ್ಪಿಲ್ಲದ ಕಡಲೆಕಾಯಿ ಹಾಕಿ, ಹೆಪ್ಪುಗಟ್ಟದ ನೀರಿಡಿ. ಕರಡಿಗಳಿರುವ ಪ್ರದೇಶವಾದರೆ ಅವು ಚಳಿನಿದ್ದೆಗೆ ಹೋದ ಮೇಲಷ್ಟೇ ಫೀಡರ್ ಕಟ್ಟಿ.

6. ಕರೆದ ಮೇಲೆ ಕಾಪಾಡಬೇಕು

ಬೆಕ್ಕು ಸಾಕಿದ್ದರೆ ಹಕ್ಕಿಗಳು ಚುರುಕಾಗಿರುವ ಬೆಳಗ್ಗೆ ಮತ್ತು ಸಂಜೆ ಮನೆಯೊಳಗಿಟ್ಟುಕೊಳ್ಳಿ. ಬೀದಿಬೆಕ್ಕುಗಳು ಹೆಚ್ಚಿರುವ ಕಡೆ ನೆಲದ ತಟ್ಟೆ ಬೇಡ, ಎತ್ತರದ್ದು ಮಾತ್ರ ಇರಲಿ.

ದೊಡ್ಡ ಗಾಜಿನ ಕಿಟಕಿ ಇನ್ನೊಂದು ಅಪಾಯ. ಗಾಜಿನಲ್ಲಿ ಆಕಾಶ, ಮರ ಕಾಣುತ್ತದೆ. ಊರಿಗೆ ಹೊಸದಾಗಿ ಬಂದ ವಲಸೆ ಹಕ್ಕಿ ಅದನ್ನೇ ದಾರಿ ಎಂದು ನಂಬಿ ಹಾರುತ್ತದೆ. ಗಾಜಿನ ಹೊರಮೈ ಮೇಲೆ ಎರಡೆರಡು ಇಂಚಿಗೊಂದು ಗೆರೆ ಬರುವಂತೆ ಪಟ್ಟಿ ಅಂಟಿಸಿ. ಒದ್ದೆ ಸಾಬೂನಿನಿಂದ ಗೆರೆ ಎಳೆದರೂ ಆದೀತು. ಹದ್ದಿನ ಆಕಾರದ ಒಂದೇ ಒಂದು ಸ್ಟಿಕ್ಕರ್ ಅಂಟಿಸಿದರೆ ಪ್ರಯೋಜನವಿಲ್ಲ. ಅದನ್ನು ತಪ್ಪಿಸಿ ಪಕ್ಕದ ಖಾಲಿ ಗಾಜಿಗೆ ಬಡಿಯುತ್ತವೆ.

ಬಡಿದು ಬಿದ್ದ ಹಕ್ಕಿ ಸಿಕ್ಕರೆ ಬಾಯಿಗೆ ನೀರು ಬಿಡಬೇಡಿ. ನೀರು ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯೊಳಗೆ ಹತ್ತಿ ಬಟ್ಟೆ ಹಾಸಿ, ಹಕ್ಕಿಯನ್ನಿಟ್ಟು ಮುಚ್ಚಿ, ಸದ್ದಿಲ್ಲದ ಜಾಗದಲ್ಲಿ ಒಂದೆರಡು ಗಂಟೆ ಬಿಡಿ. ನಡುವೆ ತೆರೆದು ನೋಡಬೇಡಿ. ಆಮೇಲೆ ಹೊರಗೆ ಒಯ್ದು ತೆರೆದರೆ ಚೇತರಿಸಿಕೊಂಡ ಹಕ್ಕಿ ತಾನಾಗಿ ಹಾರುತ್ತದೆ. ಹಾರದಿದ್ದರೆ ಅರಣ್ಯ ಇಲಾಖೆಗೋ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೋ ಒಪ್ಪಿಸಿ. ಕಾಡುಹಕ್ಕಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಪಂಜರದ ಗಿಳಿಗೂ ಇದು ಅನ್ವಯಿಸುತ್ತದೆ.

ಸಂಕ್ರಾಂತಿಯ ಸುಮಾರಿಗೆ ಗಾಳಿಪಟ ಹಾರಿಸುವ ಊರುಗಳಲ್ಲಿ ಮರಗಳಿಗೆ ಸಿಕ್ಕಿಕೊಂಡ ದಾರವನ್ನು ಹುಡುಕಿ ತೆಗೆಯಿರಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ. ಆದರೂ ಅದು ಕೊಂಬೆಗಳಲ್ಲಿ ಉಳಿದು, ವರ್ಷಗಟ್ಟಲೆ ಕೊಳೆಯದೆ, ರೆಕ್ಕೆ ಕತ್ತರಿಸುತ್ತಲೇ ಇರುತ್ತದೆ.

7. ನೋಡುವ ಬಗೆ

ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಏಳಕ್ಕೆ ಸ್ವಲ್ಪ ಮುಂಚೆ. ಏಳರಿಂದ ಒಂಬತ್ತರವರೆಗೆ ಒಳ್ಳೆಯ ಹೊತ್ತು. ಸ್ನಾನ ನೋಡಬೇಕೆಂದರೆ ಹನ್ನೊಂದರ ಬಿಸಿಲಿಗೆ ಬನ್ನಿ. ಬೆನ್ನಿಗೆ ಬಿಸಿಲು ಬರುವಂತೆ, ದಿನವೂ ಒಂದೇ ಜಾಗದಲ್ಲಿ, ಇಪ್ಪತ್ತು ನಿಮಿಷ ಅಲುಗದೆ ಕುಳಿತುಕೊಳ್ಳಿ. ಮೊದಲ ಐದಾರು ನಿಮಿಷ ಏನೂ ಕಾಣುವುದಿಲ್ಲ. ನೀವು ಬಂದಾಗ ಮರೆಯಾದ ಹಕ್ಕಿಗಳು ಮರಳಲು ಅಷ್ಟು ಹೊತ್ತು ಬೇಕು. ಹೆಚ್ಚಿನವರು ಸರಿಯಾಗಿ ಆ ಹೊತ್ತಿಗೇ ಎದ್ದುಹೋಗುತ್ತಾರೆ.

ಹೊಸ ಹಕ್ಕಿ ಕಂಡಾಗ ಬಣ್ಣಕ್ಕಿಂತ ಮೊದಲು ಗಾತ್ರ ಬರೆದುಕೊಳ್ಳಿ: ಗುಬ್ಬಚ್ಚಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ? ನಂತರ ಕೊಕ್ಕಿನ ಆಕಾರ, ಬಾಲವನ್ನು ಹೇಗೆ ಹಿಡಿದಿತ್ತು, ಏನು ಮಾಡುತ್ತಿತ್ತು, ನೆಲದಲ್ಲೋ ಮರದ ತುದಿಯಲ್ಲೋ. ಬಣ್ಣ ಕೊನೆಗೆ, ಬೆಳಕು ಬದಲಾದಂತೆ ಅದು ಮೋಸಮಾಡುತ್ತದೆ. ಪುಸ್ತಕ ತೆರೆಯುವುದು ಹಕ್ಕಿ ಹಾರಿಹೋದ ಮೇಲೆ.

ದುರ್ಬೀನು ಕೊಳ್ಳುವುದಾದರೆ 8x42 ಎಂದು ಬರೆದಿರುವುದನ್ನು ನೋಡಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಡ್ಡಳತೆ, ಮಿಲಿಮೀಟರ್‌ಗಳಲ್ಲಿ. 20 ಪಟ್ಟು ತೋರಿಸುವಂಥದ್ದು ಹಿತ್ತಲಿಗೆ ಉಪಯೋಗವಿಲ್ಲ. ಕೈ ನಡುಗಿದಷ್ಟೂ ಚಿತ್ರ ನಡುಗುತ್ತದೆ.

ಕೂಗು ಗುರುತಿಸಲು ಮೆರ್ಲಿನ್ ಎಂಬ ಉಚಿತ ಆ್ಯಪ್ ಇದೆ. ಮೊಬೈಲ್ ಹಿಡಿದರೆ ಕೇಳಿದ ಹಕ್ಕಿಯ ಹೆಸರು ತೋರಿಸುತ್ತದೆ. ಅದನ್ನು ಸುಳಿವು ಎಂದಷ್ಟೇ ತಿಳಿಯಿರಿ. ಕಾಜಾಣದಂಥವು ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುತ್ತವೆ, ಆ್ಯಪ್ ಬೇಸ್ತು ಬೀಳುತ್ತದೆ. ಕಣ್ಣಾರೆ ಕಂಡ ಮೇಲೆ ಹೆಸರು ಬರೆಯಿರಿ. ಇನ್ನು, ಧ್ವನಿಮುದ್ರಿತ ಕೂಗನ್ನು ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವ ಅಭ್ಯಾಸ ಬೇಡವೇ ಬೇಡ. ತನ್ನ ಜಾಗಕ್ಕೆ ಎದುರಾಳಿ ಬಂದಿದ್ದಾನೆಂದು ಹಕ್ಕಿ ಮೇವು ಬಿಟ್ಟು ಹುಡುಕಾಟಕ್ಕೆ ತೊಡಗುತ್ತದೆ.

8. ಫೆಬ್ರುವರಿಯಲ್ಲಿ ಎಣಿಸಿ

ಪ್ರತಿ ಫೆಬ್ರುವರಿಯ ನಡುವೆ, ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಹಿತ್ತಲಿನ ಹಕ್ಕಿಗಳನ್ನು ಸಾಮಾನ್ಯ ಜನರೇ ಎಣಿಸುವ ಕಾರ್ಯಕ್ರಮವಿದು. 1998ರಲ್ಲಿ ಅಮೆರಿಕದಲ್ಲಿ ಶುರುವಾಗಿ, 2013ರಿಂದ ಭಾರತದಲ್ಲೂ ನಡೆಯುತ್ತಿದೆ. ಕನಿಷ್ಠ 15 ನಿಮಿಷ ಒಂದೆಡೆ ಕುಳಿತು ಕಂಡ, ಕೇಳಿದ ಹಕ್ಕಿಗಳನ್ನೆಲ್ಲ ಎಣಿಸಿ, ಇ-ಬರ್ಡ್ ಎಂಬ ಉಚಿತ ಆ್ಯಪ್‌ನಲ್ಲಿ ದಾಖಲಿಸಬೇಕು, ಇಷ್ಟೇ.

ಎಣಿಕೆಯಲ್ಲಿ ಹೊಸಬರಿಗೆ ಒಂದು ಗೊಂದಲ ಇದ್ದೇ ಇರುತ್ತದೆ. ಮೊದಲು ಮೂರು ಗೊರವಂಕ ಬಂದವು, ಆಮೇಲೆ ಐದು, ಕೊನೆಗೆ ಎರಡು. ಹತ್ತು ಎಂದು ಬರೆಯಬೇಡಿ. ಅವೇ ಮತ್ತೆ ಬಂದಿರಬಹುದು. ಒಟ್ಟಿಗೆ ಕಂಡದ್ದರಲ್ಲಿ ಹೆಚ್ಚಿನದು ಐದು, ಅದನ್ನೇ ಬರೆಯಿರಿ. ಕಾಗೆ, ಪಾರಿವಾಳ ಏನು ಮಹಾ ಎಂದು ಬಿಟ್ಟುಬಿಡಬೇಡಿ. ಇಂದು ಸಾಮಾನ್ಯವಾಗಿರುವ ಹಕ್ಕಿ ನಾಳೆ ಕಡಿಮೆಯಾದರೆ ಅದು ಗೊತ್ತಾಗುವುದು ಇಂಥ ಪಟ್ಟಿಗಳಿಂದಲೇ. ಗುರುತು ಸಿಗದ ಹಕ್ಕಿಗೆ ಊಹೆಯ ಹೆಸರು ಕೊಡಬೇಡಿ, ಗುರುತಾಗಲಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮಾರ್ಚ್ ಬಂದಂತೆ ಕಾಳನ್ನು ಒಮ್ಮೆಗೇ ನಿಲ್ಲಿಸದೆ ಎರಡು ವಾರದಲ್ಲಿ ಕಡಿಮೆ ಮಾಡುತ್ತಾ ನಿಲ್ಲಿಸಿ. ಸಿಪಿಲೆ, ಉಲಿಯಕ್ಕಿಗಳು ಏಪ್ರಿಲ್ ಸುಮಾರಿಗೆ ಹೊರಟುಹೋಗುತ್ತವೆ. ‘ಚಿಸ್ವೀ’ ಕೊನೆಯ ಬಾರಿ ಕೇಳಿದ ದಿನಾಂಕವನ್ನು ಗುರುತು ಹಾಕಿಕೊಳ್ಳಿ, ಸೆಪ್ಟೆಂಬರಿನಲ್ಲಿ ಮತ್ತೆ ಕೇಳಿದ ದಿನವನ್ನೂ ಅದರ ಪಕ್ಕದಲ್ಲೇ ಬರೆಯಲು ಜಾಗ ಬಿಡಿ. ನೀರಿನ ತಟ್ಟೆಯನ್ನು ಮಾತ್ರ ಎತ್ತಿಡಬೇಡಿ. ಬೇಸಿಗೆಯಲ್ಲಿ ಅದನ್ನು ನೆರಳಿಗೆ ಸರಿಸಿ, ದಿನಕ್ಕೆ ಎರಡು ಬಾರಿ ತುಂಬಬೇಕಾಗುತ್ತದೆ.